ಸಿಗಡಿಯ ‘ಕ್ಯಾಲ್ಸಿಯಂ ಬಂಧಕ’: ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಸಿಗಡಿ, ಏಡಿ ಮೈಗೆ ಆಗದವರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಈ ಅಲರ್ಜಿ ತರುವ ಪ್ರೋಟೀನುಗಳಲ್ಲಿ ಒಂದಾದ ‘ಸಾರ್ಕೋಪ್ಲಾಸ್ಮಿಕ್ ಕ್ಯಾಲ್ಸಿಯಂ ಬೈಂಡಿಂಗ್ ಪ್ರೋಟೀನ್’ ಎಂಬಲ್ಲಿ ಸಿಕ್ಕಿಕೊಂಡೆ. ಮೊದಲು ‘ಸ್ನಾಯುರಸದ ಕ್ಯಾಲ್ಸಿಯಂ ಬಂಧಕ ಪ್ರೋಟೀನ್’ ಎಂದು ಬರೆದು, ಕುಂದಾಪುರದ ನಮ್ಮ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಸಿಪ್ಪೆ ಪೂರಾ ತೆಗೆದು ತಿಂದ್ರೆ ಆಯ್ತಲ್ವಾ?”

ತಪ್ಪು ಅವರದಲ್ಲ. ಕ್ಯಾಲ್ಸಿಯಂ ಅಂದರೆ ಸುಣ್ಣ. ಕರಾವಳಿಯಲ್ಲಿ ಸುಣ್ಣ ಅಂದರೆ ಸುಟ್ಟ ಚಿಪ್ಪು. ಅದಕ್ಕೆ ‘ಬಂಧಕ’ ಬೇರೆ ಸೇರಿದರೆ ಸಿಪ್ಪೆಗೆ ಅಂಟಿಕೊಂಡ ಏನೋ ಒಂದು ಅಂತಲೇ ಅನಿಸುತ್ತದೆ. ಆದರೆ ಈ ಪ್ರೋಟೀನ್ ಇರುವುದು ನಾವು ತಿನ್ನುವ ಮಾಂಸದೊಳಗೆ. ಸಿಪ್ಪೆ ಎಷ್ಟು ಚೆನ್ನಾಗಿ ಬಿಡಿಸಿದರೂ ಅದು ಹೋಗುವುದಿಲ್ಲ.

ಅದರ ಕೆಲಸ ನೋಡಿದರೆ ‘ಬಂಧಕ’ ಇನ್ನೂ ಹೊಂದುವುದಿಲ್ಲ. ಸಿಗಡಿ ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದಲ್ಲ, ಆಗ ಸ್ನಾಯುವಿನ ಜೀವಕೋಶದೊಳಗೆ ಕ್ಯಾಲ್ಸಿಯಂ ಹರಿದು ಬರುತ್ತದೆ, ಸ್ನಾಯು ಬಿಗಿಯುತ್ತದೆ. ಮತ್ತೆ ಸಡಿಲವಾಗಬೇಕಾದರೆ ಆ ಕ್ಯಾಲ್ಸಿಯಂ ಸರಿಯಬೇಕು. ಅದನ್ನು ಹಿಡಿದುಕೊಂಡು ಆಮೇಲೆ ಬಿಟ್ಟುಕೊಡುವುದು ಈ ಪ್ರೋಟೀನಿನ ಕೆಲಸ ಎಂದು ತಿಳಿದವರು ಹೇಳುತ್ತಾರೆ. ಕಟ್ಟಿಹಾಕುವುದಲ್ಲ, ಹಿಡಿದು ಬಿಡುವುದು. ಹಿಡಿಯುವ ಜಾಗಕ್ಕೆ ವಿಜ್ಞಾನಿಗಳೇ ‘ಇಎಫ್ ಹ್ಯಾಂಡ್’ ಅಂತ ಹೆಸರಿಟ್ಟಿದ್ದಾರೆ. 1973ರಲ್ಲಿ ಗೆಂಡೆ ಮೀನಿನ ಒಂದು ಪ್ರೋಟೀನಿನಲ್ಲಿ, ಹೆಬ್ಬೆರಳು ತೋರುಬೆರಳು ಚಾಚಿದ ಕೈಯಂಥ ಆಕಾರ ಕಂಡು ಬಂದ ಹೆಸರು. ಅವರೇ ಕೈ ಅಂದಮೇಲೆ ನಮ್ಮ ‘ಹಿಡಿ’ಗೆ ಏನು ಕೊರತೆ?

‘ಕ್ಯಾಲ್ಸಿಯಂ ಹಿಡುಕ’ ಎಂದು ಬರೆದು ನಾನೇ ನಕ್ಕೆ. ತಲೆಹಿಡುಕ ನೆನಪಾಗದೆ ಇರುವುದಿಲ್ಲ. ಸದ್ಯಕ್ಕೆ ‘ಕ್ಯಾಲ್ಸಿಯಂ ಹಿಡಿಯುವ ಮಾಂಸದ ಪ್ರೋಟೀನ್’ ಎಂದು ಇಟ್ಟಿದ್ದೇನೆ. ‘ಸ್ನಾಯು’ ಬಿಟ್ಟದ್ದಕ್ಕೆ ಕಾರಣ, ಮನೆಮಾತಿನಲ್ಲಿ ಯಾರೂ ಅದನ್ನು ಅಡುಗೆಗೆ ಹಚ್ಚಿ ಹೇಳುವುದಿಲ್ಲ.

ವಿಜ್ಞಾನಿಗಳ ಅಲರ್ಜಿ ಪಟ್ಟಿಯಲ್ಲಿ ಈ ಪ್ರೋಟೀನಿಗೆ ಬೇರೆ ಹೆಸರಿದೆ. ನಮ್ಮಲ್ಲಿ ಕೊಳಗಳಲ್ಲಿ ಸಾಕುವ ವನ್ನಾಮಿ ಸಿಗಡಿಯದ್ದಾದರೆ ‘ಲಿಟ್ ವಿ 4’, ಬ್ಲ್ಯಾಕ್ ಟೈಗರ್ ಸಿಗಡಿಯದ್ದಾದರೆ ‘ಪೆನ್ ಎಂ 4’. ಲ್ಯಾಟಿನ್ ಹೆಸರಿನ ಮೊದಲ ಅಕ್ಷರಗಳಿಗೆ ಒಂದು ಅಂಕಿ ಸೇರಿಸುತ್ತಾರೆ, ಅಷ್ಟೇ. ದೊಡ್ಡವರಿಗಿಂತ ಮಕ್ಕಳಲ್ಲಿ ಇದರ ಪಾತ್ರ ಜಾಸ್ತಿ ಎಂದು 2009ರ ಒಂದು ಅಧ್ಯಯನ ಹೇಳಿತು. ಸಿಗಡಿ ಅಲರ್ಜಿಯ ದೊಡ್ಡ ಆಸಾಮಿ ಮಾತ್ರ ಇನ್ನೊಂದು, ಟ್ರೋಪೋಮಯೋಸಿನ್. ಅದೂ ಮಾಂಸದ್ದೇ. ಅದನ್ನು 1993ರಲ್ಲಿ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಖ್ಯರು. ಬೇಯಿಸಿದರೂ ಅದು ಕೆಡುವುದಿಲ್ಲ, ಸಾರಿಗೂ ಇಳಿಯುತ್ತದೆ. ಹಾಗಾಗಿ “ಸಿಗಡಿ ತೆಗೆದಿಟ್ಟು ಬರೀ ಸಾರು ಬಡಿಸಿ” ಅನ್ನುವುದೂ ಅಪಾಯವೇ.

ಇನ್ನು ಸಿಗಡಿ, ಏಡಿ, ಚಿಪ್ಪಿನ ಜೀವಿಗಳನ್ನೆಲ್ಲ ಒಟ್ಟಾಗಿ ಕರೆಯುವ ಇಂಗ್ಲಿಷ್ ಪದ ‘ಶೆಲ್‌ಫಿಶ್’. ಪತ್ರಿಕೆಗಳಲ್ಲಿ ‘ಚಿಪ್ಪುಮೀನು’ ಎಂದು ಬರೆಯುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಸಿಗಡಿಗೆ ಇರುವುದು ಸಿಪ್ಪೆ, ಚಿಪ್ಪು ಇರುವುದು ಮರುವಾಯಿ, ಬಳಚುಗಳಿಗೆ. ಮೀನಂತೂ ಯಾವುದೂ ಅಲ್ಲ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬುಮಿನ್ ಎಂಬ ಬೇರೆಯದೇ ಪ್ರೋಟೀನ್. ಅದೂ ಕ್ಯಾಲ್ಸಿಯಂ ಹಿಡಿಯುವಂಥದ್ದೇ ಅನ್ನುವುದು ತಮಾಷೆ. ಆ ಗೆಂಡೆ ಮೀನಿನಲ್ಲಿ ‘ಕೈ’ ಸಿಕ್ಕಿದ್ದು ಇದರಲ್ಲೇ! ಆದರೂ ಸಿಗಡಿ ಆಗದವರಲ್ಲಿ ಎಷ್ಟೋ ಜನ ಬಂಗುಡೆ, ಅಂಜಲ್ ಆರಾಮಾಗಿ ತಿನ್ನುತ್ತಾರೆ. ನಮ್ಮ ದೇಶದ ಆಹಾರ ಲೇಬಲ್ ನಿಯಮದಲ್ಲೂ ಮೀನು ಬೇರೆ, ಸಿಗಡಿ-ಏಡಿಯ ಗುಂಪು ಬೇರೆ. ‘ಚಿಪ್ಪುಮೀನು’ ಅಂದರೆ ಈ ಗೆರೆ ಅಳಿಸಿಹೋಗುತ್ತದೆ.

ಸಿಗಡಿ, ಏಡಿಗಳ ಗುಂಪಿಗೆ ಪಠ್ಯಪುಸ್ತಕದಲ್ಲಿರುವ ‘ಕಠಿಣಚರ್ಮಿ’ ಪದ ಕೇಳಿದರೆ ನನಗೆ ಘೇಂಡಾಮೃಗ ಕಣ್ಣಮುಂದೆ ಬರುತ್ತದೆ. ಹಾಗಾಗಿ ‘ಸಿಗಡಿ-ಏಡಿ ಜಾತಿ’ ಎಂದೇ ಬರೆದಿದ್ದೇನೆ. ತುಳುನಾಡಿನವರಿಗಾಗಿ ಪಕ್ಕದಲ್ಲಿ ‘ಎಟ್ಟಿ, ಡೆಂಜಿ’ ಹಾಕಿದ್ದೇನೆ, ಕುಂದಾಪುರದವರಿಗೆ ‘ಶೆಟ್ಲಿ’.

ಕೊನೆಯ ತೊಡಕು ‘ಅಲರ್ಜಿ’. ಇದನ್ನು ಹಾಗೇ ಇಡುತ್ತೇನೆ. ‘ನಂಜು’ ಅಂತ ಬರೆಯಿರಿ ಎಂದು ಒಬ್ಬರು ಸಲಹೆ ಕೊಟ್ಟರು. ಆದರೆ ಗಾಯ ಆದಾಗ ಬದನೆಕಾಯಿ ನಂಜು ಅಂತ ಬಿಡುತ್ತೇವೆ, ವಾಸಿಯಾದ ಮೇಲೆ ತಿನ್ನುತ್ತೇವೆ. ಉಸಿರು ಕಟ್ಟುವ ಕಾಯಿಲೆಗೆ ಆ ಪದ ಹಗುರವಾಯಿತು.

ನನ್ನ ಪ್ರಶ್ನೆ ಎರಡು. ‘ಬೈಂಡಿಂಗ್’ಗೆ ‘ಹಿಡಿಯುವ’ ಅಂದರೆ ಬಿಡುವ ಅರ್ಥವೂ ದಕ್ಕುತ್ತದಾ, ಇಲ್ಲ ‘ಹಿಡಿದು ಬಿಡುವ’ ಎಂದೇ ಬರೆಯಲಾ? ಕಾರವಾರ, ಅಂಕೋಲದ ಕಡೆಯವರು ಸಿಗಡಿ, ಏಡಿ ಎರಡನ್ನೂ ಒಟ್ಟಾಗಿ ಕರೆಯುವ ಒಂದೇ ಪದ ಮನೆಯಲ್ಲಿ ಬಳಸುತ್ತೀರಾ?