ತಲೆಗೆ ಪೆಟ್ಟಾದ ಮೇಲೆ ಏರೋಬಿಕ್ ವ್ಯಾಯಾಮದಿಂದ ನೆನಪು ಸುಧಾರಿಸುತ್ತದೆಯೇ?

ಪ್ರಶ್ನೆ: ಅಪಘಾತದಲ್ಲಿ ತಲೆಗೆ ಪೆಟ್ಟಾದ ನನ್ನ ತಮ್ಮನಿಗೆ, ಹಾಲು ಉಕ್ಕಿ ಚೆಲ್ಲುತ್ತಿದ್ದರೂ ತಾನು ಒಲೆಯ ಮುಂದೆ ಏಕೆ ನಿಂತಿದ್ದೇನೆಂಬುದು ಹೊಳೆಯುವುದಿಲ್ಲ. ದಿನವೂ ಬಿರುಸಾಗಿ ನಡೆಸಬಹುದೇ, ಅಥವಾ ವಿಶ್ರಾಂತಿಯೇ ಮೇಲೇ?

ಉತ್ತರ 1: ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಸಲಹೆಯನ್ನು ತಜ್ಞರು ಈಗ ಕೈಬಿಟ್ಟಿದ್ದಾರೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟವಾಡುವಾಗ ತಲೆಗೆ ಪೆಟ್ಟಾದ 103 ಹದಿಹರೆಯದವರ ಪೈಕಿ ಏರೋಬಿಕ್ ವ್ಯಾಯಾಮದ (ಬಿರುಸು ನಡಿಗೆಯಂತೆ ಹೃದಯ ಬಡಿತ ಏರಿಸುವ ವ್ಯಾಯಾಮದ) ಗುಂಪು 13 ದಿನಗಳ ಮಧ್ಯಾಂಕದಲ್ಲಿಯೂ (ಅರ್ಧದಷ್ಟು ಮಂದಿ ಚೇತರಿಸಿಕೊಳ್ಳಲು ಹಿಡಿದ ಅವಧಿ), ಸ್ನಾಯು ಹಿಗ್ಗಿಸುವ ವ್ಯಾಯಾಮದ ಗುಂಪು 17 ದಿನಗಳಲ್ಲಿಯೂ ಚೇತರಿಸಿಕೊಂಡವು. ಆದರೆ ಅವು ಸೌಮ್ಯ ಗಾಯಗಳು. ತೀವ್ರ ಗಾಯಕ್ಕೆ ಆ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು.

ಉತ್ತರ 2: ನಾನು ಫಿಸಿಯೋಥೆರಪಿಸ್ಟ್. ಬಿರುಸು ಎಷ್ಟಿರಬೇಕೆಂಬುದನ್ನು ದಯವಿಟ್ಟು ಅಂದಾಜಿನಲ್ಲಿ ನಿರ್ಧರಿಸಬೇಡಿ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ತಲೆನೋವು ಅಥವಾ ತಲೆಸುತ್ತು ಹೆಚ್ಚುವ ಘಟ್ಟದ ಹೃದಯ ಬಡಿತವನ್ನು ಗುರುತಿಸಿ, ಅದರ ಶೇ. 80ರಷ್ಟರಿಂದ ಆರಂಭಿಸುತ್ತೇವೆ, ನಿಮಿಷಕ್ಕೆ 140 ಬಡಿತಕ್ಕೆ ತೊಂದರೆ ಹೆಚ್ಚಿದರೆ ಮಿತಿ 112. ಫಿಟ್ಸ್ ಬಂದಿದ್ದರೆ ಅಥವಾ ತಲೆಬುರುಡೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ನರರೋಗ ತಜ್ಞರ ಒಪ್ಪಿಗೆ ಮೊದಲು ಬೇಕು.

ಉತ್ತರ 3: ನಡಿಗೆಯಿಂದ ನಿದ್ರೆಯೂ ಮನಸ್ಸೂ ಸುಧಾರಿಸಿದರೆ ಗಮನಕ್ಕೂ ಅನುಕೂಲವೇ. ಆದರೂ ನೆನಪಿನ ತರಬೇತಿಗೆ ಅದು ಬದಲಿಯಲ್ಲ. ಸದ್ಯಕ್ಕೆ ಒಲೆಯ ಬಳಿ ಅವರನ್ನು ಒಬ್ಬರೇ ಬಿಡಬೇಡಿ.