ಅಕ್ಸೆಸ್ ಲಿಸ್ಟ್ ಹಾಕಿದ್ದರೂ ಬೇಡದ ರೂಟ್‌ಗಳು ಹೊರಗೆ ಹೋಗುವುದೇಕೆ?

ಪ್ರಶ್ನೆ (ಮಲೆನಾಡಿನ ಸದಸ್ಯರು):

ಗುಂಪಿನ ಹಿರಿಯರಿಗೆ ನಮಸ್ಕಾರ. ತಾಲ್ಲೂಕು ಕೇಂದ್ರವೊಂದರಲ್ಲಿ ಫೈಬರ್ ಇಂಟರ್ನೆಟ್ ಕೊಡುವ ಸಣ್ಣ ಸಂಸ್ಥೆಯ ನೆಟ್‌ವರ್ಕ್ ನಾನು ನೋಡಿಕೊಳ್ಳುತ್ತೇನೆ. ನಮಗೆ ಸ್ವಂತ ಎಎಸ್ ಸಂಖ್ಯೆಯೂ (ಇಂಟರ್ನೆಟ್‌ನಲ್ಲಿ ಒಂದು ಜಾಲವನ್ನು ಗುರುತಿಸುವ ಸಂಖ್ಯೆ) ಒಂದು /22 ವಿಳಾಸ ಸಮೂಹವೂ ಇದ್ದು, ಎರಡು ಅಪ್‌ಸ್ಟ್ರೀಮ್ ಸಂಸ್ಥೆಗಳ (ನಮಗೆ ಇಂಟರ್ನೆಟ್ ಸಂಪರ್ಕ ಕೊಡುವ ದೊಡ್ಡ ಸಂಸ್ಥೆಗಳು) ಜೊತೆ ಬಿಜಿಪಿ (ಜಾಲಗಳು ತಮ್ಮ ವಿಳಾಸಗಳಿಗೆ ಹೋಗುವ ದಾರಿಗಳನ್ನು, ಅಂದರೆ ರೂಟ್‌ಗಳನ್ನು, ಪರಸ್ಪರ ತಿಳಿಸುವ ಪ್ರೋಟೋಕಾಲ್) ನಡೆಯುತ್ತಿದೆ. ನಿಜವಾದ ವಿಳಾಸ ಹಾಕುವುದು ಬೇಡವೆಂದು ಇಲ್ಲಿ 198.18.4.0/22 ಎಂದೂ, ನಮ್ಮ ಎಎಸ್ 64500 ಎಂದೂ, ಅಪ್‌ಸ್ಟ್ರೀಮ್‌ಗಳು 64501 ಮತ್ತು 64502 ಎಂದೂ ಬರೆಯುತ್ತಿದ್ದೇನೆ. ಸಿಸ್ಕೋ ರೂಟರ್‌ನಲ್ಲಿ ನಮ್ಮ ಸಮೂಹವನ್ನು ಬಿಟ್ಟು ಬೇರೇನೂ ಹೊರಗೆ ಹೋಗಬಾರದೆಂದು ಹೀಗೆ ಹಾಕಿದ್ದೆ:

ಅಕ್ಸೆಸ್-ಲಿಸ್ಟ್ 10 ಪರ್ಮಿಟ್ 198.18.4.0 0.0.3.255

ಇದನ್ನು ಎರಡೂ ನೆರೆ ರೂಟರ್‌ಗಳಿಗೆ ಡಿಸ್ಟ್ರಿಬ್ಯೂಟ್-ಲಿಸ್ಟ್ 10 ಔಟ್ (ಹೊರಹೋಗುವ ರೂಟ್‌ಗಳನ್ನು ಈ ಲಿಸ್ಟ್‌ನಿಂದ ಶೋಧಿಸು) ಎಂದು ಕಟ್ಟಿದ್ದೇನೆ. ಎರಡು ವರ್ಷ ತೊಂದರೆಯಾಗಿರಲಿಲ್ಲ. ಕಳೆದ ವಾರ ಹೊಸ ಓಎಲ್‌ಟಿಗಳನ್ನು (ಗ್ರಾಹಕರ ಫೈಬರ್‌ಗಳು ಬಂದು ಸೇರುವ ಉಪಕರಣಗಳು) ಸೇರಿಸುವಾಗ ಬಿಜಿಪಿಯೊಳಗೆ ರಿಡಿಸ್ಟ್ರಿಬ್ಯೂಟ್ ಕನೆಕ್ಟೆಡ್ (ರೂಟರ್‌ಗೆ ನೇರವಾಗಿ ಸೇರಿದ ಜಾಲಗಳನ್ನೆಲ್ಲ ಬಿಜಿಪಿಗೆ ಹಾಕು) ಎಂಬ ಸಾಲನ್ನು ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಅಪ್‌ಸ್ಟ್ರೀಮ್‌ನ ಸೆಷನ್ ಬಿದ್ದುಹೋಯಿತು. ಅವರ ಎಂಜಿನಿಯರ್ ಫೋನ್ ಮಾಡಿ, ನೀವು 40ಕ್ಕೂ ಹೆಚ್ಚು ರೂಟ್ ಕಳುಹಿಸುತ್ತಿದ್ದೀರಿ, ನಮ್ಮ ಮಿತಿ 20 ಎಂದರು. ಲಿಸ್ಟ್ ಇನ್ನೂ ಹಾಗೆಯೇ ಇದೆ. ಲಿಸ್ಟ್ ಇದ್ದೂ ಇದು ಹೇಗಾಯಿತು?

ಉತ್ತರ (ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್):

ನಿಮ್ಮ ಲಿಸ್ಟ್ ನೀವು ಹೇಳಿದ್ದನ್ನೇ ಮಾಡಿದೆ. ತೊಂದರೆ ಇರುವುದು ನೀವು ಅದಕ್ಕೆ ಹೇಳಿದ್ದು ಮತ್ತು ಹೇಳಬೇಕೆಂದುಕೊಂಡದ್ದರ ನಡುವಿನ ಅಂತರದಲ್ಲಿ.

ಒಂದು ರೂಟ್‌ಗೆ ಎರಡು ಭಾಗಗಳಿರುತ್ತವೆ: ವಿಳಾಸ ಮತ್ತು ಉದ್ದ. 198.18.4.0 ಎಂಬುದು ವಿಳಾಸ, /22 ಎಂಬುದು ಉದ್ದ, ಅಂದರೆ ವಿಳಾಸದ ಮೊದಲ ಎಷ್ಟು ಬಿಟ್‌ಗಳು ಜಾಲವನ್ನು ಸೂಚಿಸುತ್ತವೆ ಎಂಬುದು; ಈ ಸಂಖ್ಯೆ ಹೆಚ್ಚಿದಷ್ಟೂ ತುಣುಕು ಸಣ್ಣದು. 1ರಿಂದ 99ರವರೆಗಿನ ಸ್ಟ್ಯಾಂಡರ್ಡ್ ಅಕ್ಸೆಸ್ ಲಿಸ್ಟ್ ಮೂಲತಃ ಪ್ಯಾಕೆಟ್‌ಗಳ ಮೂಲ ವಿಳಾಸವನ್ನು ನೋಡಲು ಮಾಡಿದ್ದು, ಪ್ಯಾಕೆಟ್‌ನ ವಿಳಾಸಕ್ಕೆ ಇಂಥ ಉದ್ದವೆಂಬುದೇ ಇಲ್ಲವಾದ್ದರಿಂದ ಈ ಲಿಸ್ಟ್‌ಗೆ ಅದನ್ನು ನೋಡುವ ಕಣ್ಣಿಲ್ಲ. ರೂಟ್ ಶೋಧಿಸಲು ಅದನ್ನೇ ಬಳಸಿದಾಗ ಅದು ರೂಟ್‌ನ ವಿಳಾಸವನ್ನಷ್ಟೇ ಹೋಲಿಸಿ ನೋಡುತ್ತದೆ. 0.0.3.255 ಎಂಬ ವೈಲ್ಡ್‌ಕಾರ್ಡ್ ಮಾಸ್ಕ್‌ಗೆ 198.18.4.0ರಿಂದ 198.18.7.255ರವರೆಗಿನ 1024 ವಿಳಾಸಗಳಲ್ಲಿ ಯಾವುದಾದರೂ ಆದೀತು ಎಂಬ ಅರ್ಥ. ಹೊಸ ಓಎಲ್‌ಟಿಗಳಿಗೆ ಕೊಟ್ಟ /28, ಲಿಂಕ್‌ಗಳಿಗೆ ಕೊಟ್ಟ 198.18.5.8/30ರಂಥ ತುಣುಕುಗಳು ಎಲ್ಲವೂ ಆ ವ್ಯಾಪ್ತಿಯ ಒಳಗೇ ಬರುವುದರಿಂದ ಲಿಸ್ಟ್ ಅವುಗಳನ್ನು ಹಾದುಹೋಗಲು ಬಿಟ್ಟಿತು. ಎರಡು ವರ್ಷ ಸುಮ್ಮನಿದ್ದದ್ದು ಲಿಸ್ಟ್ ಸರಿಯಿದ್ದುದರಿಂದಲ್ಲ, ಬಿಜಿಪಿ ಟೇಬಲ್‌ನಲ್ಲಿ ಆ ತುಣುಕುಗಳೇ ಇರಲಿಲ್ಲವಾದ್ದರಿಂದ.

ವಿಳಾಸವನ್ನೂ ಉದ್ದವನ್ನೂ ಒಟ್ಟಿಗೆ ನೋಡುವುದು ಪ್ರಿಫಿಕ್ಸ್ ಲಿಸ್ಟ್. ಹೀಗೆ ಬರೆಯಿರಿ:

ಐಪಿ ಪ್ರಿಫಿಕ್ಸ್-ಲಿಸ್ಟ್ ಹೊರಗೆ ಸೀಕ್ 5 ಪರ್ಮಿಟ್ 198.18.4.0/22

ಇದು ಆ /22 ಒಂದನ್ನೇ ಬಿಡುತ್ತದೆ, ಅದರೊಳಗಿನ ಒಂದು /24 ಕೂಡ ಹಾಯುವುದಿಲ್ಲ. ಕೊನೆಗೆ ಎಲ್‌ಇ 24 (ಉದ್ದ 24 ಅಥವಾ ಅದಕ್ಕಿಂತ ಕಡಿಮೆ) ಎಂದು ಸೇರಿಸಿದರೆ ಆ ಸಮೂಹದೊಳಗಿನ /22, /23, /24 ಮೂರೂ ಉದ್ದದವು ಹಾಯುತ್ತವೆ. ಎರಡು ಅಪ್‌ಸ್ಟ್ರೀಮ್‌ಗಳ ನಡುವೆ ಟ್ರಾಫಿಕ್ ಹಂಚಲು ಎಲ್‌ಇ 24 ಹಾಕುವ ರೂಢಿ ನಮ್ಮಲ್ಲಿ ಇದೆಯಾದರೂ, ನನ್ನ ಅಭಿಪ್ರಾಯದಲ್ಲಿ ಬೇಕಾದ /24ಗಳನ್ನು ಒಂದೊಂದಾಗಿ ಹೆಸರಿಸುವುದೇ ಒಳ್ಳೆಯದು. ಒಂದೇ ನೆರೆ ರೂಟರ್‌ಗೆ ಒಂದೇ ದಿಕ್ಕಿನಲ್ಲಿ ಡಿಸ್ಟ್ರಿಬ್ಯೂಟ್-ಲಿಸ್ಟ್ ಮತ್ತು ಪ್ರಿಫಿಕ್ಸ್-ಲಿಸ್ಟ್ ಎರಡನ್ನೂ ಕಟ್ಟಲು ಬರುವುದಿಲ್ಲ, ಆದ್ದರಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು.

ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ರಿಡಿಸ್ಟ್ರಿಬ್ಯೂಟ್ ಕನೆಕ್ಟೆಡ್ ಸಾಲನ್ನು ತೆಗೆಯುವುದು. /22ನ್ನು ನಲ್ 0 (ಬಂದ ಪ್ಯಾಕೆಟನ್ನು ಬಿಸಾಡುವ ಕಾಲ್ಪನಿಕ ಇಂಟರ್‌ಫೇಸ್) ಕಡೆಗೆ ಒಂದು ಸ್ಟ್ಯಾಟಿಕ್ ರೂಟ್ ಆಗಿ ನಿಲ್ಲಿಸಿ, ಬಿಜಿಪಿಯಲ್ಲಿ ನೆಟ್‌ವರ್ಕ್ ಕಮಾಂಡ್‌ನಿಂದ ಅದನ್ನೊಂದನ್ನೇ ಹುಟ್ಟಿಸಿ. ಬಾಗಿಲಿಗೆ ಚಿಲಕ ಇರಲೇಬೇಕು, ಆದರೆ ಒಳಗೆ ಬೇಡದ್ದನ್ನು ತುಂಬಿಕೊಂಡು ಎಲ್ಲ ಭಾರವನ್ನೂ ಚಿಲಕದ ಮೇಲೆ ಹಾಕಬಾರದು.

ಪ್ರಶ್ನೆ (ಮಲೆನಾಡಿನ ಸದಸ್ಯರು):

ತುಂಬಾ ಧನ್ಯವಾದ, ಮೇಡಂ. ನಮ್ಮ ಎರಡನೆಯ ರೂಟರ್ ಬಹಳ ಹಳೆಯದು. ಅದರಲ್ಲಿ ಹಿಂದಿನವರು 101 ಸಂಖ್ಯೆಯ ಎಕ್ಸ್‌ಟೆಂಡೆಡ್ ಅಕ್ಸೆಸ್ ಲಿಸ್ಟ್ ಒಂದನ್ನು ಬರೆದಿಟ್ಟಿದ್ದಾರೆ. ಅದರ ಅರ್ಥವೇ ಆಗುತ್ತಿಲ್ಲ:

ಅಕ್ಸೆಸ್-ಲಿಸ್ಟ್ 101 ಪರ್ಮಿಟ್ ಐಪಿ 198.18.4.0 0.0.3.255 255.255.252.0 0.0.3.0

ಇಲ್ಲಿ ಸೇರಬೇಕಾದ ವಿಳಾಸದ ಜಾಗದಲ್ಲಿ ಮಾಸ್ಕ್ ಏಕೆ ಇದೆ? ಇದು ತಪ್ಪಲ್ಲವೇ?

ಉತ್ತರ (ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್):

ತಪ್ಪಲ್ಲ. ಅದನ್ನು ಬರೆದವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. ಪ್ರಿಫಿಕ್ಸ್ ಲಿಸ್ಟ್ ಬರುವ ಮೊದಲು ಉದ್ದವನ್ನು ಶೋಧಿಸಲು ಇದ್ದ ದಾರಿ ಇದು. ಬಿಜಿಪಿಯ ಡಿಸ್ಟ್ರಿಬ್ಯೂಟ್-ಲಿಸ್ಟ್‌ಗೆ ಎಕ್ಸ್‌ಟೆಂಡೆಡ್ ಲಿಸ್ಟ್ ಕಟ್ಟಿದಾಗ ಮೂಲ ವಿಳಾಸದ ಜಾಗ ರೂಟ್‌ನ ವಿಳಾಸವನ್ನೂ, ಸೇರುವ ವಿಳಾಸದ ಜಾಗ ರೂಟ್‌ನ ಮಾಸ್ಕನ್ನೂ ಹೋಲಿಸುತ್ತದೆ. 255.255.252.0ಕ್ಕೆ 0.0.3.0 ಎಂಬ ವೈಲ್ಡ್‌ಕಾರ್ಡ್ ಹಾಕಿದರೆ ಮೂರನೆಯ ಅಂಕಿಯ ಕೊನೆಯ ಎರಡು ಬಿಟ್‌ಗಳು ಏನಾದರೂ ಇರಬಹುದು, ನಾಲ್ಕನೆಯದು ಮಾತ್ರ ಸೊನ್ನೆಯೇ ಆಗಿರಬೇಕು. ಹಾಗೆ ಬರುವ ನಿಜವಾದ ಮಾಸ್ಕ್‌ಗಳು 255.255.252.0, 255.255.254.0, 255.255.255.0, ಅಂದರೆ /22ರಿಂದ /24. ನಾನು ಮೇಲೆ ಹೇಳಿದ ಎಲ್‌ಇ 24 ಎಂಬುದನ್ನೇ ಈ ಸಾಲು ಬೇರೆ ಲಿಪಿಯಲ್ಲಿ ಹೇಳುತ್ತಿದೆ.

ಆದರೂ ಇದನ್ನು ಉಳಿಸಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ಇದೇ ಎಕ್ಸ್‌ಟೆಂಡೆಡ್ ಲಿಸ್ಟನ್ನು ಬಿಜಿಪಿ ಬಿಟ್ಟು ಒಳಗಿನ ರೂಟಿಂಗ್ ಪ್ರೋಟೋಕಾಲ್‌ಗಳಿಗೆ ಕಟ್ಟಿದರೆ ಅದರ ಅರ್ಥವೇ ಬದಲಾಗಿ, ಮೂಲದ ಜಾಗ ಅಪ್‌ಡೇಟ್ ಕಳುಹಿಸಿದ ರೂಟರನ್ನೂ ಸೇರುವ ಜಾಗ ರೂಟ್‌ನ ವಿಳಾಸವನ್ನೂ ಸೂಚಿಸುತ್ತದೆ. ರಾತ್ರಿ ಎರಡು ಗಂಟೆಗೆ ಲಿಂಕ್ ಬಿದ್ದಾಗ ಕರ್ತವ್ಯದಲ್ಲಿರುವವರು ಓದಿ ಅರ್ಥಮಾಡಿಕೊಳ್ಳಲಾಗದ ಸಾಲು, ಎಷ್ಟೇ ಸರಿಯಾಗಿದ್ದರೂ, ಅಪಾಯದ್ದೇ.

ಪ್ರಶ್ನೆ (ಮೈಸೂರಿನ ಸದಸ್ಯರು):

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಅಪ್‌ಸ್ಟ್ರೀಮ್‌ನವರು ಹೇಗೂ ತಾವೇ ಶೋಧಿಸಿಕೊಳ್ಳುತ್ತಾರೆ. ಇಷ್ಟು ಸಣ್ಣ ಜಾಲದ ಔಟ್ ಫಿಲ್ಟರ್‌ಗೆ ಇಷ್ಟು ಮಹತ್ವ ಏಕೆ?

ಉತ್ತರ (ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್):

ಅವರು ಶೋಧಿಸಿಯೇ ಶೋಧಿಸುತ್ತಾರೆ ಎಂದು ನಂಬಿ ಕುಳಿತದ್ದರಿಂದ ಏನಾಯಿತು ಎಂಬುದಕ್ಕೆ ದೊಡ್ಡ ಸಾಕ್ಷಿ ಇದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ, ಎಎಸ್ 17557, ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲೆಂದು 208.65.153.0/24 ಎಂಬ ರೂಟನ್ನು ಹುಟ್ಟಿಸಿತು. ಒಳಗೇ ಉಳಿಯಬೇಕಿದ್ದ ಆ ರೂಟ್ ಔಟ್ ಫಿಲ್ಟರ್ ಇಲ್ಲದೆ ಹೊರಗೆ ಹೋಯಿತು. ಅವರ ಅಪ್‌ಸ್ಟ್ರೀಮ್ ಆಗಿದ್ದ ಪಿಸಿಸಿಡಬ್ಲ್ಯೂ, ಎಎಸ್ 3491, ಇನ್ ಫಿಲ್ಟರ್ ಇಲ್ಲದೆ ಅದನ್ನು ಒಪ್ಪಿಕೊಂಡು ಜಗತ್ತಿಗೆ ಹಂಚಿತು. ಆಗ ಯೂಟ್ಯೂಬ್ ಪ್ರಕಟಿಸುತ್ತಿದ್ದುದು 208.65.152.0/22. ರೂಟರ್‌ಗಳು ಯಾವಾಗಲೂ ಹೆಚ್ಚು ಉದ್ದದ ರೂಟನ್ನೇ ಆರಿಸಿಕೊಳ್ಳುವುದರಿಂದ /22ರ ಎದುರು /24 ಗೆದ್ದಿತು, ಜಗತ್ತಿನ ಬಹುಭಾಗದ ಟ್ರಾಫಿಕ್ ಪಾಕಿಸ್ತಾನದ ಕಡೆ ಹರಿದು ಅಲ್ಲೇ ಇಂಗಿತು. ಯೂಟ್ಯೂಬ್ ತಾನೂ /24 ಪ್ರಕಟಿಸಿ, ಸಾಲದೆ ಅದನ್ನು ಎರಡು /25 ಆಗಿ ಒಡೆದು ಪ್ರಕಟಿಸಬೇಕಾಯಿತು. ಎಲ್ಲವೂ ಸರಿಹೋಗಲು ಸುಮಾರು ಎರಡು ಗಂಟೆ ಹಿಡಿಯಿತು.

ನಮ್ಮ ಮಲೆನಾಡಿನ ಸದಸ್ಯರ ಕೈಯಲ್ಲಿರುವುದೂ ಒಂದು /22. ಅದರೊಳಗಿನ ಒಂದು /24ನ್ನು ಎಲ್ಲೋ ದೂರದ ಜಾಲವೊಂದು ಅಜಾಗರೂಕತೆಯಿಂದ ಹೊರಬಿಟ್ಟರೆ ಅವರ ಊರಿನ ಆಸ್ಪತ್ರೆ, ಬ್ಯಾಂಕು, ಶಾಲೆಗಳ ಸಂಪರ್ಕ ಕಡಿಯುತ್ತದೆ. ಬೇರೆಯವರು ಔಟ್ ಫಿಲ್ಟರ್ ಹಾಕಲಿ ಎಂದು ನಾವು ಬಯಸುವುದಾದರೆ ನಮ್ಮದನ್ನು ನಾವು ಹಾಕಲೇಬೇಕು. ಈ ಕಾರಣದಿಂದಲೇ 2017ರ ಆರ್‌ಎಫ್‌ಸಿ 8212 ಎಂಬ ಇಂಟರ್ನೆಟ್ ಮಾನದಂಡ, ಹೊರಗಿನ ನೆರೆಯವರಿಗೆ ಸ್ಪಷ್ಟವಾದ ನೀತಿ ಬರೆದಿಲ್ಲದಿದ್ದರೆ ರೂಟರ್ ಯಾವ ರೂಟನ್ನೂ ಕಳುಹಿಸಬಾರದು, ಸ್ವೀಕರಿಸಿ ಬಳಸಲೂಬಾರದು ಎಂದು ಹೇಳಿತು. ಹಳೆಯ ಉಪಕರಣಗಳು ಹೀಗೆ ನಡೆಯುವುದಿಲ್ಲ, ಏನೂ ಬರೆಯದಿದ್ದರೆ ಎಲ್ಲವನ್ನೂ ಬಿಡುತ್ತವೆ.

ಪ್ರಶ್ನೆ (ಮಲೆನಾಡಿನ ಸದಸ್ಯರು):

ನಮ್ಮ ಗ್ರಾಹಕರಾದ ಒಂದು ಕಾಲೇಜು ಈಗ ಸ್ವಂತ ಎಎಸ್ ತೆಗೆದುಕೊಂಡಿದೆ, ಅದನ್ನು 64510 ಎಂದಿಟ್ಟುಕೊಳ್ಳಿ. ಅವರ /24ನ್ನು ನನ್ನ ಔಟ್ ಪ್ರಿಫಿಕ್ಸ್ ಲಿಸ್ಟ್‌ಗೆ ಒಂದು ಸಾಲಾಗಿ ಸೇರಿಸಿದರೆ ಸಾಕೇ? ಅವರು ಇನ್ನೊಂದು ಸಂಸ್ಥೆಯಿಂದಲೂ ಲಿಂಕ್ ಪಡೆದಿದ್ದಾರೆ.

ಉತ್ತರ (ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್):

ಸಾಲದು. ಕೊನೆಯ ವಾಕ್ಯವನ್ನು ನೀವು ಬರೆದದ್ದು ಒಳ್ಳೆಯದಾಯಿತು, ಅಪಾಯ ಇರುವುದು ಅಲ್ಲಿಯೇ.

ಕಾಲೇಜಿಗೂ ನಿಮಗೂ ನಡುವಿನ ಲಿಂಕ್ ಕಡಿಯಿತು ಎಂದುಕೊಳ್ಳಿ. ಆಗ ಅವರ /24 ಅವರ ಇನ್ನೊಂದು ಸಂಸ್ಥೆಯ ಮೂಲಕ ಇಂಟರ್ನೆಟ್ ಸುತ್ತಿ ನಿಮ್ಮ ಅಪ್‌ಸ್ಟ್ರೀಮ್ 64502ರಿಂದ ನಿಮಗೆ ಬರುತ್ತದೆ. ನಿಮ್ಮ ರೂಟರ್ ಅದನ್ನು ಒಪ್ಪಿಕೊಂಡು 64501ಕ್ಕೆ ಕಳುಹಿಸಲು ಹೊರಟಾಗ ಪ್ರಿಫಿಕ್ಸ್ ಲಿಸ್ಟ್ ವಿಳಾಸ ಸರಿ, ಉದ್ದ ಸರಿ ಎಂದು ಬಿಟ್ಟುಬಿಡುತ್ತದೆ. ಒಂದು ದೊಡ್ಡ ಸಂಸ್ಥೆಯ ಟ್ರಾಫಿಕ್ ನಿಮ್ಮ ಸಣ್ಣ ಲಿಂಕ್ ಮೂಲಕ ಇನ್ನೊಂದು ದೊಡ್ಡ ಸಂಸ್ಥೆಗೆ ಹರಿಯತೊಡಗುತ್ತದೆ. ರೂಟ್ ಲೀಕ್ ಎನ್ನುವುದು ಇದಕ್ಕೇ. ರೂಟ್ ಯಾವುದು ಎಂಬುದರ ಜೊತೆಗೆ ಅದು ಯಾವ ದಾರಿಯಿಂದ ಬಂತು ಎಂಬುದನ್ನೂ ನೋಡದೆ ಇದನ್ನು ತಡೆಯಲಾಗದು. ಅದಕ್ಕಾಗಿ ಎಎಸ್ ಪಾತ್ (ರೂಟ್ ಹಾದುಬಂದ ಎಎಸ್ ಸಂಖ್ಯೆಗಳ ಸರಣಿ) ನೋಡುವ ಅಕ್ಸೆಸ್ ಲಿಸ್ಟ್ ಬೇಕು:

ಐಪಿ ಎಎಸ್-ಪಾತ್ ಅಕ್ಸೆಸ್-ಲಿಸ್ಟ್ 1 ಪರ್ಮಿಟ್ ^$
ಐಪಿ ಎಎಸ್-ಪಾತ್ ಅಕ್ಸೆಸ್-ಲಿಸ್ಟ್ 1 ಪರ್ಮಿಟ್ ^64510(_64510)*$

ಮೊದಲ ಸಾಲು ನಿಮ್ಮಲ್ಲೇ ಹುಟ್ಟಿದ, ಅಂದರೆ ಪಾತ್ ಖಾಲಿ ಇರುವ ರೂಟ್‌ಗಳಿಗೆ. ಎರಡನೆಯದು ಕಾಲೇಜಿನಿಂದ ನೇರವಾಗಿ ಬಂದವುಗಳಿಗೆ. ಅವರು ತಮ್ಮ ಸಂಖ್ಯೆಯನ್ನು ಎರಡು ಮೂರು ಬಾರಿ ಸೇರಿಸಿ ಕಳುಹಿಸಿದರೂ ಹೊಂದುತ್ತದೆ. 64502 ಮೂಲಕ ಸುತ್ತಿ ಬಂದ ರೂಟ್‌ನ ಪಾತ್ 64502 ಎಂದು ಆರಂಭವಾಗುವುದರಿಂದ ಯಾವ ಸಾಲಿಗೂ ಹೊಂದದೆ, ಪ್ರತಿ ಲಿಸ್ಟ್‌ನ ಕೊನೆಯಲ್ಲಿ ಬರೆಯದೆಯೇ ಇರುವ ಡಿನೈಗೆ ಸಿಕ್ಕಿ ನಿಲ್ಲುತ್ತದೆ. ಇದನ್ನು ಫಿಲ್ಟರ್-ಲಿಸ್ಟ್ 1 ಔಟ್ ಎಂದು ಪ್ರಿಫಿಕ್ಸ್ ಲಿಸ್ಟ್‌ನ ಜೊತೆಗೇ ಕಟ್ಟಬಹುದು. ಎರಡೂ ಒಪ್ಪಿದರೆ ಮಾತ್ರ ರೂಟ್ ಹೊರಗೆ ಹೋಗುತ್ತದೆ. ಗ್ರಾಹಕರು ಹೆಚ್ಚಾದಾಗ ಒಳಬರುವಾಗಲೇ ಕಮ್ಯೂನಿಟಿ (ರೂಟ್‌ಗೆ ಅಂಟಿಸುವ ಸಂಖ್ಯೆಯ ಚೀಟಿ) ಗುರುತು ಹಾಕಿ, ಹೊರಡುವಾಗ ಅದನ್ನು ನೋಡುವ ಕ್ರಮಕ್ಕೆ ಹೋಗಿ. ಒಂದೇ ಕಾಲೇಜಿಗೆ ಅದು ಬೇಡ.

ಕಾಲೇಜಿನ ಕಡೆಯಿಂದ ಒಳಬರುವ ದಿಕ್ಕಿಗೆ ಅವರ ಆ /24 ಒಂದನ್ನೇ ಬಿಡುವ ಲಿಸ್ಟ್ ಹಾಕಿ, ಮ್ಯಾಕ್ಸಿಮಮ್-ಪ್ರಿಫಿಕ್ಸ್ ಮಿತಿಯನ್ನು (ಒಂದು ನೆರೆಯಿಂದ ಎಷ್ಟು ರೂಟ್ ಬರಬಹುದೆಂಬ ಗರಿಷ್ಠ ಸಂಖ್ಯೆ) ಐದೋ ಹತ್ತೋ ಇಡಿ. ಅಪ್‌ಸ್ಟ್ರೀಮ್ ನಿಮ್ಮ ಸೆಷನ್ ಕಡಿದದ್ದು ನಿಮಗೆ ಕಷ್ಟವಾಯಿತು ನಿಜ, ಆದರೆ ಅವರು ಸರಿಯಾದದ್ದನ್ನೇ ಮಾಡಿದರು.

ಪ್ರಶ್ನೆ (ಮಲೆನಾಡಿನ ಸದಸ್ಯರು):

ಅಪ್‌ಸ್ಟ್ರೀಮ್‌ಗಳಿಂದ ಒಳಬರುವ ರೂಟ್‌ಗಳಿಗೆ ಏನು ಹಾಕಬೇಕು? ಈಗ ಏನೂ ಇಲ್ಲ.

ಉತ್ತರ (ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್):

ಅಲ್ಲಿ ಕ್ರಮ ತಿರುಗುಮುರುಗಾಗುತ್ತದೆ. ಹೊರಗೆ ಹೋಗುವುದು ಬೆರಳೆಣಿಕೆಯಷ್ಟು, ಆದ್ದರಿಂದ ಬೇಕಾದದ್ದನ್ನು ಹೆಸರಿಸಿದೆವು. ಒಳಬರುವ ಪೂರ್ಣ ಐಪಿವಿ4 ಟೇಬಲ್ ಇಂದು ಸುಮಾರು 10 ಲಕ್ಷ ರೂಟ್‌ಗಳಷ್ಟಿದೆ, ಆದ್ದರಿಂದ ಬೇಡದ್ದನ್ನು ಹೆಸರಿಸಬೇಕು. 10.0.0.0/8, 172.16.0.0/12, 192.168.0.0/16, 100.64.0.0/10, 127.0.0.0/8, 169.254.0.0/16, 224.0.0.0/3 ಇವು ಸಾರ್ವಜನಿಕ ಇಂಟರ್ನೆಟ್‌ನಲ್ಲಿ ರೂಟ್ ಆಗಿ ಬರಬಾರದ ವಿಳಾಸಗಳು, ಇವುಗಳಿಗೆ ಎಲ್‌ಇ 32 ಸೇರಿಸಿ ಡಿನೈ ಹಾಕಿ. ನಿಮ್ಮದೇ ಸಮೂಹಕ್ಕೂ ಎಲ್‌ಇ 32 ಡಿನೈ ಬೇಕು, ಏಕೆಂದರೆ ನಿಮ್ಮ ವಿಳಾಸಕ್ಕೆ ದಾರಿ ತೋರಿಸಲು ಹೊರಗಿನವರಿಗೆ ಕೆಲಸವಿಲ್ಲ. ಕೊನೆಯಲ್ಲಿ 0.0.0.0/0 ಎಲ್‌ಇ 24 ಪರ್ಮಿಟ್ ಮಾಡಿ. ಬರಿಯ 0.0.0.0/0 ಎಂದರೆ ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ಎಲ್ಲಕ್ಕೂ ಬಳಸುವ ದಾರಿ) ಒಂದೇ, ಎಲ್‌ಇ ಸೇರಿಸಿದಾಗ ಮಾತ್ರ ಉಳಿದವು ಬರುತ್ತವೆ. ಇಲ್ಲಿ ಎಡವಿದವರನ್ನು ನಾನು ಬಹಳ ಕಂಡಿದ್ದೇನೆ.

ನಿಮ್ಮ ಆ ಹಳೆಯ ರೂಟರ್‌ಗೆ ಪೂರ್ಣ ಟೇಬಲ್ ತರಲೇಬೇಡಿ. 2014ರ ಆಗಸ್ಟ್ 12ರಂದು ಜಗತ್ತಿನ ಟೇಬಲ್ 512 ಸಾವಿರ ದಾಟಿದಾಗ ಅಷ್ಟಕ್ಕೇ ಜಾಗ ಮೀಸಲಿಟ್ಟಿದ್ದ ಹಳೆಯ ರೂಟರ್‌ಗಳು ಹಲವೆಡೆ ಕುಸಿದವು. ಅಪ್‌ಸ್ಟ್ರೀಮ್‌ನಿಂದ ಡೀಫಾಲ್ಟ್ ರೂಟ್ ಒಂದನ್ನೇ ಕೇಳಿ ಪಡೆಯಿರಿ, ಲಿಸ್ಟ್‌ನಲ್ಲೂ ಅದನ್ನೊಂದನ್ನೇ ಬಿಡಿ.

ಐಪಿವಿ6 ನಡೆಸುತ್ತಿದ್ದರೆ ಈ ಯಾವ ಲಿಸ್ಟೂ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಬೇರೆಯೇ ಪ್ರಿಫಿಕ್ಸ್ ಲಿಸ್ಟ್ ಬರೆದು, 2000::/3 ಎಲ್‌ಇ 48 ಎಂಬಲ್ಲಿಂದ ಆರಂಭಿಸಿ. ಐಆರ್‌ಐಎನ್‌ಎನ್ (ಭಾರತದ ಇಂಟರ್ನೆಟ್ ವಿಳಾಸ ನೋಂದಣಿ ಸಂಸ್ಥೆ) ಮೂಲಕ ನಿಮ್ಮ ಸಮೂಹಕ್ಕೆ ಆರ್‌ಒಎ (ಯಾವ ಎಎಸ್ ಈ ವಿಳಾಸ ಪ್ರಕಟಿಸಬಹುದು ಎಂಬ ಸಹಿ ಮಾಡಿದ ದಾಖಲೆ) ಮಾಡಿಸುವಾಗ ಗರಿಷ್ಠ ಉದ್ದವನ್ನು ನೀವು ನಿಜವಾಗಿ ಪ್ರಕಟಿಸುವಷ್ಟಕ್ಕೇ ನಿಲ್ಲಿಸಿ. ಪ್ರಕಟಿಸುವುದು /22 ಆಗಿದ್ದು ಗರಿಷ್ಠ 24 ಎಂದು ಬರೆದರೆ, ನಿಮ್ಮ ಎಎಸ್ ಸಂಖ್ಯೆಯನ್ನು ಪಾತ್‌ನ ಕೊನೆಗೆ ಅಂಟಿಸಿ ನಿಮ್ಮ /24 ಪ್ರಕಟಿಸುವವರಿಗೂ ಆ ಆರ್‌ಒಎ ಸಮ್ಮತಿ ಕೊಟ್ಟಂತಾಗುತ್ತದೆ.

ಬದಲಾವಣೆ ಮಾಡುವಾಗ ಒಂದು ಎಚ್ಚರ. ಸಂಖ್ಯೆಯ ಅಕ್ಸೆಸ್ ಲಿಸ್ಟ್‌ನಲ್ಲಿ ಒಂದು ಸಾಲು ತೆಗೆಯಲು ನೋ ಅಕ್ಸೆಸ್-ಲಿಸ್ಟ್ 10 ಎಂದು ಆರಂಭಿಸಿದರೆ ಇಡೀ ಲಿಸ್ಟೇ ಅಳಿಯುತ್ತದೆ. ಕಟ್ಟಿದ ಲಿಸ್ಟ್ ಇಲ್ಲವಾದರೆ ಐಒಎಸ್ (ಸಿಸ್ಕೋ ರೂಟರ್‌ನ ತಂತ್ರಾಂಶ) ಎಲ್ಲವನ್ನೂ ಬಿಡುತ್ತದೆ. ಹೊಸ ಹೆಸರಿನಲ್ಲಿ ಹೊಸ ಲಿಸ್ಟ್ ಪೂರ್ತಿ ಬರೆದು, ಓದಿ ನೋಡಿ, ಆಮೇಲೆ ನೆರೆ ರೂಟರ್‌ಗೆ ಕಟ್ಟಿ, ಸೆಷನ್ ಬೀಳಿಸದೆ ಕ್ಲಿಯರ್ ಐಪಿ ಬಿಜಿಪಿ ಸಾಫ್ಟ್ ಔಟ್ ಕೊಡಿ.

ಮಲೆನಾಡಿನ ಸದಸ್ಯರು:

ಮೇಡಂ, ನಿನ್ನೆ ರಾತ್ರಿ ಎಲ್ಲ ಬದಲಾಯಿಸಿದೆ. ಅಡ್ವರ್ಟೈಸ್ಡ್-ರೂಟ್ಸ್ (ನಾವು ಹೊರಗೆ ಕಳುಹಿಸುತ್ತಿರುವ ರೂಟ್‌ಗಳ ಪಟ್ಟಿ) ನೋಡಿದಾಗ ಎರಡೂ ಕಡೆಗೆ ಎರಡೇ ರೂಟ್ ತೋರಿಸುತ್ತಿವೆ, ನಮ್ಮ /22 ಮತ್ತು ಕಾಲೇಜಿನ /24. ಸೆಷನ್ ಬಿದ್ದಿದ್ದ ಅಪ್‌ಸ್ಟ್ರೀಮ್‌ನವರು ತಮ್ಮ ಕಡೆಯಿಂದ ಕ್ಲಿಯರ್ ಮಾಡಿ ಮೇಲೆತ್ತಿಕೊಟ್ಟರು.

ಉತ್ತರ (ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್):

ಬಹಳ ಸಂತೋಷ. ಇನ್ನೊಂದು ಪರೀಕ್ಷೆ ಉಳಿದಿದೆ. ಕಾಲೇಜಿನವರಿಗೆ ಮೊದಲೇ ತಿಳಿಸಿ, ರಾತ್ರಿ ಅವರ ಲಿಂಕನ್ನು ಹತ್ತು ನಿಮಿಷ ಇಳಿಸಿ ನೋಡಿ. ಆಗ ಎರಡೂ ಅಪ್‌ಸ್ಟ್ರೀಮ್‌ಗಳ ಕಡೆಗೆ ನಿಮ್ಮ /22 ಒಂದೇ ಉಳಿಯಬೇಕು. ಕಾಲೇಜಿನ /24 ಯಾವುದಾದರೂ ಒಂದು ಕಡೆಗೆ ಇನ್ನೂ ಹೋಗುತ್ತಿದ್ದರೆ ಎಎಸ್ ಪಾತ್ ಲಿಸ್ಟ್ ಆ ನೆರೆ ರೂಟರ್‌ಗೆ ಕಟ್ಟಿಲ್ಲ ಎಂದು ಅರ್ಥ.