ಅಜ್ಜಿ ಬಳೆಯ ಪಿನ್ನು

ಎಲ್ಲರಿಗೂ ನಮಸ್ಕಾರ. ವಾಯ್ಸ್ ಹಾಕೋಣ ಅಂತ ಎರಡು ಸಲ ಒತ್ತಿದೆ. ಒಂದು ಸಲ ಕುಕ್ಕರ್ ಕೂಗಿತು, ಇನ್ನೊಂದು ಸಲ ಹಾಲಿನವನು ಬಂದ. ಅದಕ್ಕೇ ಬಾಯಲ್ಲಿ ಹೇಳಬೇಕು ಅಂದುಕೊಂಡಿದ್ದನ್ನೇ ಟೈಪ್ ಮಾಡುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಭಾನುವಾರ ಬರದೇ ಇದ್ದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ತುಮಕೂರಿನಿಂದ ಏಳು ಜನ ಶಿರಾ ಹತ್ತಿರದ ಕಗ್ಗಲಡುಗೆ ಹೋಗಿದ್ದೆವು, ಹುಣಸೆ ಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆ ನೋಡಲು. ರಾತ್ರಿ ನಮ್ಮ ತಮ್ಮ ಒಂದೇ ಉಸಿರಿಗೆ 52 ಫೋಟೊ ನಮ್ಮ ಈ ವಾಟ್ಸಾಪ್ ಗ್ರೂಪಿಗೆ ಸುರಿದ. ಬೆಳಿಗ್ಗೆ ಮೇಷ್ಟ್ರು ನೋಡಿ, ಕೊಕ್ಕರೆ ಬೆಳ್ಳಗೆ ಸುಟ್ಟುಹೋಗಿದೆ, ಆ ಊರಿನ ಅಜ್ಜಿಯೊಬ್ಬರ ಫೋಟೊ ಮಬ್ಬು, ಅದರಲ್ಲೂ ತಲೆಯೇ ಇಲ್ಲ ಅಂತ ಬರೆದರು. ಹತ್ತೇ ನಿಮಿಷದಲ್ಲಿ ಅಜ್ಜಿ ಫೋಟೊ ಮಾಯ. ಡಿಲೀಟ್ ಮಾಡಿಬಿಟ್ಟಿದ್ದಾನೆ.

ಮೇಷ್ಟ್ರೇ, ಕೊಕ್ಕರೆ ವಿಷಯದಲ್ಲಿ ನೀವು ಹೇಳಿದ್ದು ಸರಿ. ಹನ್ನೆರಡು ಗಂಟೆ ಬಿಸಿಲು, ಹಿಂದೆ ಕಪ್ಪಗಿನ ಹುಣಸೆ ಸೊಪ್ಪು, ಮುಂದೆ ಬಿಳಿ ಹಕ್ಕಿ. ಫೋನು ಸೊಪ್ಪಿನ ಕತ್ತಲೆ ನೋಡಿ ಇಡೀ ಫೋಟೊವನ್ನೇ ಬೆಳಗಿಸಿತು, ಹಕ್ಕಿ ಸುಣ್ಣ ಬಳಿದ ಗೋಡೆ ಥರ ಆಯಿತು. ಬಾಲದ ಹತ್ತಿರ ಇರುವ ಗುಲಾಬಿ ಗರಿ ನೋಡಲೆಂದೇ ಅಷ್ಟು ದೂರ ಹೋಗಿದ್ದು, ಅದೇ ಕಾಣಲ್ಲ. ತಮ್ಮಾ, ಮುಂದಿನ ಸಲ ಹಕ್ಕಿ ಮೇಲೆ ಬೆರಳಿಟ್ಟು ಒತ್ತು, ಪಕ್ಕದಲ್ಲಿ ಪುಟ್ಟ ಸೂರ್ಯ ಬರುತ್ತಲ್ಲ, ಅದನ್ನು ಕೆಳಕ್ಕೆ ಎಳೆ. ಕ್ಯಾಮೆರಾ ಇರುವವರು ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಫೋಟೊದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್, ಅದನ್ನು ಮೈನಸ್ 0.7, ಇಲ್ಲಾ ಮೈನಸ್ 1ಕ್ಕೆ ಇಳಿಸಿ ನೋಡಿ. ಸ್ವಲ್ಪ ಕಪ್ಪಾದರೆ ಆಮೇಲೆ ಎತ್ತಬಹುದು. ಸುಟ್ಟುಹೋದ ಬಿಳುಪಿನಲ್ಲಿ ಮಾತ್ರ ಎಷ್ಟು ಹುಡುಕಿದರೂ ಗರಿ ಸಿಗಲ್ಲ. ಹಾಗೇ ಇನ್ನೊಬ್ಬರು ಅದೇ ಫೋಟೊ ಚೆನ್ನಾಗಿ ಮಾಡುತ್ತೇನೆ ಅಂತ ಹಿಂದಿನ ಕರೆಂಟ್ ತಂತಿ ಅಳಿಸಲು ಹೋಗಿ ಕೊಕ್ಕರೆಯ ಒಂದು ಕಾಲನ್ನೂ ಅಳಿಸಿದ್ದಾರೆ. ಯಾರು ಅಂತ ಹೇಳಲ್ಲ. ತಂತಿ ಇರಲಿ ಬಿಡಿ ಅಣ್ಣಾ, ಅದು ಊರೊಳಗಿನ ಮರ.

ಈಗ ಅಜ್ಜಿ ಫೋಟೊ. ಇದಕ್ಕೇ ನಾನು ಇಷ್ಟು ಬರೆಯಲು ಕುಳಿತಿದ್ದು.

ಡಿಲೀಟ್ ಆಗುವ ಮೊದಲೇ ಅದನ್ನು ದೊಡ್ಡದು ಮಾಡಿ ನೋಡಿದ್ದೆ. ಜಗಲಿ ಮೇಲೆ ಕುಳಿತು ಹುಣಸೆಹಣ್ಣು ಕುಟ್ಟುವ ಎರಡು ಕೈ, ಮುಂದೆ ಬೀಜದ ರಾಶಿ, ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ಬೆರಳೆಲ್ಲ ಮುದ್ದೆ ಮುದ್ದೆ. ಕೈ ಅಲುಗಿದೆ ಅಂತಲೇ ನಾನೂ ಅಂದುಕೊಂಡೆ. ಆದರೂ ಏನೋ ಅನ್ನಿಸಿ ತಮ್ಮನಿಗೆ ಬೇರೆ ಮೆಸೇಜ್ ಮಾಡಿ, ಫೋಟೊ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು ಅಂದೆ. ಕಳಿಸಿದ. ತೆರೆದು ನೋಡಿದರೆ ಬೇರೆಯದೇ ಫೋಟೊ! ಉಗುರಿನ ಸಂದಿಯಲ್ಲಿ ಹುಣಸೆ ನಾರು ಕಾಣುತ್ತೆ. ಕೊಡತಿಯ ಹಿಡಿ ಸವೆದು ಹೊಳೆಯುತ್ತಿರುವುದು ಕಾಣುತ್ತೆ. ಎಡಗೈಯಲ್ಲಿ ಎರಡು ಹಸಿರು ಗಾಜಿನ ಬಳೆ, ಒಂದಕ್ಕೆ ಪಿನ್ನು ಸಿಕ್ಕಿಸಿಕೊಂಡಿದ್ದಾರೆ. ನಮ್ಮ ಅಮ್ಮನೂ ಹಾಗೇ ಸಿಕ್ಕಿಸಿಕೊಳ್ಳುತ್ತಿದ್ದರು, ಮುಳ್ಳು ತೆಗೆಯಲೂ ಅದೇ, ಹರಿದ ರವಿಕೆಗೂ ಅದೇ. ಗ್ರೂಪಿಗೆ ಬಂದಿದ್ದ ಫೋಟೊದಲ್ಲಿ ಆ ಪಿನ್ನು ಬರೀ ಒಂದು ಬಿಳಿ ಗೀರು.

ಅಂದರೆ ಹುಡುಗನ ಕೈ ಅಲುಗಿಲ್ಲ ಮೇಷ್ಟ್ರೇ, ವಾಟ್ಸಾಪ್ ಹಿಂಡಿದೆ. ಅವನ ಫೋನು 12 ಮೆಗಾಪಿಕ್ಸೆಲ್, ಅಂದರೆ 4000 ಅಗಲ, 3000 ಎತ್ತರ. ಸಾಧಾರಣ ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಉದ್ದದ ಕಡೆ ಸುಮಾರು 1600ಕ್ಕೆ ಇಳಿಸಿಬಿಡುತ್ತೆ. 2023ರಲ್ಲಿ ಎಚ್‌ಡಿ ಅಂತ ಬಟನ್ ಕೊಟ್ಟಿದ್ದಾರೆ, ಅದನ್ನು ಒತ್ತಿದರೆ ಪರವಾಗಿಲ್ಲ. ಇದ್ದದ್ದು ಇದ್ದ ಹಾಗೇ ಬರಬೇಕು ಅಂದರೆ ಡಾಕ್ಯುಮೆಂಟೇ ಆಗಬೇಕು.

ಆದರೆ ಒಂದು ಎಚ್ಚರಿಕೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೋಟೊ ಜೊತೆ ಜಾಗದ ಗುರುತೂ ಬರುತ್ತೆ, ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ. ಅಜ್ಜಿ ಫೋಟೊದ ವಿವರ ತೆರೆದರೆ ಮ್ಯಾಪ್ ನನ್ನನ್ನು ಸೀದಾ ಅವರ ಬೀದಿಗೇ ಕರೆದುಕೊಂಡು ಹೋಯಿತು. ಭಯವೇ ಆಯಿತು. ಗ್ರೂಪಿಗೆ ಹಾಕುವ ಮುಂಚೆ ಅದನ್ನು ತೆಗೆದು ಹಾಕಿ. ಕಗ್ಗಲಡು ಎಲ್ಲರಿಗೂ ಗೊತ್ತಿರುವ ಜಾಗ, ಅದು ಬೇರೆ. ದೇವರಾಯನದುರ್ಗದ ಕಡೆ ಗೂಬೆ ಗೂಡು ಸಿಕ್ಕಿತು ಅಂತ ಯಾರಾದರೂ ಜಾಗದ ಸಮೇತ ಕಳಿಸಿದರೆ, ಮಾರನೇ ದಿನ ಅಲ್ಲಿ ಜಾತ್ರೆ ನೆರೆಯುತ್ತೆ. ಹಕ್ಕಿ ಗೂಡು ಬಿಟ್ಟು ಹೋಗುತ್ತೆ.

ತಲೆ ಇಲ್ಲ ಅನ್ನುವ ಮಾತಿಗೆ ಬರುತ್ತೇನೆ. 1993ರಲ್ಲಿ ನಮ್ಮಣ್ಣ ಯಾರದೋ ಕ್ಯಾಮೆರಾ ಕೇಳಿ ತಂದಿದ್ದ, ಸಿದ್ಧಗಂಗೆ ದನಗಳ ಜಾತ್ರೆಗೆ. 36 ಫೋಟೊದ ರೀಲು. ಅಪ್ಪ ಹಳ್ಳಿಕಾರ್ ಜೋಡಿ ಕಟ್ಟಿದ್ದರು. ಒಂದೊಂದು ಸಲ ಕ್ಲಿಕ್ ಅನ್ನಿಸುವಾಗಲೂ ಅಣ್ಣ ದುಡ್ಡು ಲೆಕ್ಕ ಹಾಕುತ್ತಿದ್ದ, ನನ್ನ ಕೈಗೆ ಕೊಟ್ಟಿದ್ದು ಎರಡೇ ಎರಡು, ಅದೂ ಶುರುವಿನಲ್ಲೇ, ಅಳು ನಿಲ್ಲಿಸಲಿ ಅಂತ. ಸಂಜೆ ರೀಲು ಮುಗಿಯಿತು. ರೀಲನ್ನು ವಾಪಸ್ ಡಬ್ಬಿಯೊಳಕ್ಕೆ ಸುತ್ತದೇ ಕ್ಯಾಮೆರಾದ ಹಿಂದಿನ ಮುಚ್ಚಳ ತೆಗೆದವಳು ನಾನೇ. ಲೈಟ್ ಬಿತ್ತು. ರೀಲು ತೊಳೆಸಿದರೆ ಸುರುಳಿಯ ಒಳಗಡೆ ಇದ್ದ ಮೊದಲಿನ ನಾಲ್ಕು ಮಾತ್ರ ಉಳಿದಿದ್ದವು, ಹೊರಗಿನವೆಲ್ಲ ಹೋಗಿದ್ದವು. ಅಣ್ಣ ಮೂರು ದಿನ ಮಾತಾಡಲಿಲ್ಲ. ಉಳಿದ ನಾಲ್ಕರಲ್ಲಿ ಒಂದು ನಾನು ತೆಗೆದಿದ್ದು. ಅಪ್ಪನ ಮೂಗಿನಿಂದ ಮೇಲೆ ಇಲ್ಲ. ಎತ್ತಿನ ಗಂಗೆದೊಗಲು ಕೆರೆಯುತ್ತಿರುವ ಕೈ ಇದೆ, ಎತ್ತು ಕತ್ತು ಚಾಚಿ ಕಣ್ಣು ಅರ್ಧ ಮುಚ್ಚಿದೆ. ಮನೆಯಲ್ಲಿ ಅಪ್ಪನ ಕಟ್ಟು ಹಾಕಿಸಿದ ಫೋಟೊ ಇದೆ, ಕೋಟು ಹಾಕಿಕೊಂಡು ಸ್ಟುಡಿಯೋದಲ್ಲಿ ತೆಗೆಸಿದ್ದು, ಮುಖ ಪೂರ್ತಿ ಇದೆ, ಅದರಲ್ಲಿ ಯಾರೋ ಕಂದಾಯ ಕಟ್ಟಲು ಬಂದವರ ಹಾಗೆ ನಿಂತಿದ್ದಾರೆ.

ತಲೆ ಕಡಿಯೋದೇ ಒಳ್ಳೆಯದು ಅಂತಲ್ಲ ಮತ್ತೆ. ತಮ್ಮಾ, ನಿನ್ನ 52ರಲ್ಲಿ ಹನ್ನೊಂದು ಫೋಟೊದಲ್ಲಿ ಸುಮ್ನೆ ಅಜಾಗರೂಕತೆಯಿಂದ ಕೊಕ್ಕರೆ ಕೊಕ್ಕು ಕಡಿದಿದ್ದೀಯ, ಎಣಿಸಿದ್ದೇನೆ. ಒಂದೇ ಕೊಕ್ಕರೆ ಒಂದೇ ಕೊಂಬೆಯಲ್ಲಿ ಕುಳಿತಿರುವುದು ಹದಿನಾಲ್ಕು ಇದೆ. ಒಂದು ರೀಲಿಗಿಂತ ಜಾಸ್ತಿ ಸುರಿದರೆ ಯಾರು ನೋಡುತ್ತಾರೆ? ಮೇಷ್ಟ್ರು ಬೇಸತ್ತಿದ್ದು ಅದಕ್ಕೇ ಇರಬೇಕು, ಅಜ್ಜಿ ಫೋಟೊ 49ನೆಯದಾಗಿತ್ತು. ಮೂರು ಆರಿಸಿ ಹಾಕು. ಆರಿಸಲು ಆಗದಿದ್ದರೆ ಒಂದು ದಿನ ಬಿಟ್ಟು ನೋಡು.

ಅಜ್ಜಿಯನ್ನು ಕೇಳಿ ತೆಗೆದೆಯಾ ಅಂತ ತಮ್ಮನನ್ನು ಕೇಳಿದ್ದಕ್ಕೆ, ಅಜ್ಜಿಯೇ, ಕೈ ಮಾತ್ರ ತೆಗಿ ಕಣಪ್ಪ, ಮುಖ ತೊಳೆದಿಲ್ಲ ಅಂದರಂತೆ! ಇದನ್ನು ಗ್ರೂಪಿನಲ್ಲಿ ಹೇಳೋಕೆ ಏನಾಗಿತ್ತು ನಿನಗೆ? ತಲೆ ಬಿಟ್ಟಿದ್ದು ಅವರ ಮಾತಿಗೆ. ಮೇಷ್ಟ್ರೇ, ಇದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೂ ಗ್ರೂಪಿಗೆ ಮತ್ತೆ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳೋಣ. ಕೈ ತೆಗಿ ಅಂದಿದ್ದಾರೆ, ನಲವತ್ತು ಜನಕ್ಕೆ ತೋರಿಸು ಅಂದಿಲ್ಲ.

ಅದಕ್ಕೇ ಅಜ್ಜಿಗೆ ಕೊಡಲು ಒಂದು ಪ್ರಿಂಟ್ ಹಾಕಿಸೋಣ ಅಂತಿದ್ದೇನೆ. 4×6 ಇಂಚು ಬೇಡ, ಫೋನಿನ ಫೋಟೊ ಆ ಅಳತೆಗೆ ಕೂರಲ್ಲ, ಸ್ಟುಡಿಯೋದವರು ಮೇಲೆ ಕೆಳಗೆ ಕತ್ತರಿಸಿದರೆ ಇರೋ ಕುತ್ತಿಗೆಯೂ ಹೋಗುತ್ತೆ. 6×8 ಸರಿಯಾಗಿ ಕೂರುತ್ತೆ. ದುಡ್ಡು ನಾನು ಕೊಡುತ್ತೇನೆ. ತಮ್ಮಾ, ಒರಿಜಿನಲ್ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗು, ಗ್ರೂಪಿನಿಂದ ಡೌನ್‌ಲೋಡ್ ಮಾಡಿದ್ದನ್ನು ಕೊಟ್ಟೀಯ ಮತ್ತೆ.

ಬರುವ ಭಾನುವಾರ ಮತ್ತೆ ಕಗ್ಗಲಡುಗೆ ಹೋಗೋಣ, ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಮೇಷ್ಟ್ರೇ, ನೀವೂ ಬರಲೇಬೇಕು, ನಿಮ್ಮ ದೊಡ್ಡ ಲೆನ್ಸಿನಲ್ಲಿ ಆ ಗುಲಾಬಿ ಗರಿ ಬೆಳಗಿನ ಬಿಸಿಲಲ್ಲಿ ಒಂದು ಸಲ ಸಿಗಲಿ. ತಿಂಡಿಗೆ ಚಿತ್ರಾನ್ನ ನಾನು ತರುತ್ತೇನೆ, ಟೋಪಿ ನೀವೇ ತನ್ನಿ, ಹೋದ ಸಲದ ಹಾಗೆ ನನ್ನ ದುಪಟ್ಟಾ ಕೇಳಬೇಡಿ.